ನೀಲಿ, ಆಮೇಲೆ ಹಳದಿ

ಬಳ್ಳಾರಿಯ ಏಪ್ರಿಲ್. ಬೆಳಗಿನ ಎಂಟಕ್ಕೇ
ಕೋಟೆಗುಡ್ಡದ ಬಂಡೆ ರೊಟ್ಟಿಹಂಚಿನಂತೆ ಕಾದಿದೆ.
ಇಲಿಮನೆಯೊಳಗೆ ಮಾತ್ರ ಇಪ್ಪತ್ತೆರಡು ಡಿಗ್ರಿ,
ಊರಿಗೆ ಕರೆಂಟಿಲ್ಲದ ಹೊತ್ತಲ್ಲೂ.
"ಮುಂದಿನ ಜನ್ಮಕ್ಕೆ ಇಲಿಯಾಗಿ ಹುಟ್ಟಬೇಕು ನೋಡು"
ಎನ್ನುತ್ತಾನೆ ಕಾವಲಿನ ಮೌಲಾಲಿ, ದಿನಾ.
ಪಂಜರದ ಮೇಲಿನ ಚೀಟಿ ಅವನು ಓದುವುದಿಲ್ಲ.

ಕಪ್ಪು ಇಲಿಗಳು. ಪಕ್ಕೆಯ ಮೇಲೆ ಬೋಳಿಸಿದ ಚೌಕ,
ಚೌಕದೊಳಗೆ ಹುಣಸೆಬೀಜದಷ್ಟು ಕಪ್ಪು ಗಂಟು.
ನಾವೇ ಬಿತ್ತಿದ್ದು. ಅದನ್ನು ಮುಚ್ಚಿಡುವುದಿಲ್ಲ ನಾನು.
ದವಡೆಯ ಕೆಳಗೊಂದು ಚುಚ್ಚು, ಮೂರು ಹನಿ ರಕ್ತ;
ಹೆಪ್ಪುಗಟ್ಟಲು ಬಿಟ್ಟು ಗಿರಗಿರ ತಿರುಗಿಸಿದರೆ
ಮೇಲೆ ನಿಲ್ಲುತ್ತದೆ ಗಂಜಿತಿಳಿಯಂಥ ಸೀರಮ್.

ಪ್ಲೇಟಿನಲ್ಲಿ ತೊಂಬತ್ತಾರು ಗುಳಿ.
ತಳಕ್ಕೆ ನಿನ್ನೆ ರಾತ್ರಿಯೇ ಗಂಟಿನ ಸಾರ ಅಂಟಿಸಿಟ್ಟಿದೆ.
ಸುಂಕಮ್ಮತ್ತೆ ಇದನ್ನು ಕಂಡಿದ್ದರೆ
"ಎಷ್ಟು ದೊಡ್ಡ ಅಳಗುಳಿಮಣಿಯೋ ತಿಪ್ಪೇಶಿ!" ಅಂತಿದ್ದಳು.
ಅವಳ ಮಣೆಗೆ ಹದಿನಾಲ್ಕೇ ಗುಳಿ.
ಬೀಜ ಎಣಿಸುವಾಗ ಸುಳ್ಳು ಎಣಿಸುತ್ತಿದ್ದಳು,
ಹಿಡಿದರೆ ನಗುತ್ತಿದ್ದಳು.

ಜೀನ್ಸ್ ತೊಳೆಯುವ ಶೆಡ್ಡಿನಲ್ಲಿ ಹನ್ನೊಂದು ವರ್ಷ,
ಮೊಣಕಾಲ ತನಕ ನೀಲಿ ನೀರು.
ಯುಗಾದಿಯ ಎಣ್ಣೆನೀರಿಗೂ ಬಿಡದ ನೀಲಿ ಉಗುರು.
ಹಾಗಾಗಿ ಎಡ ಹಿಮ್ಮಡಿಯ ಆ ಚುಕ್ಕೆಯನ್ನು
ಮೊದಲು ಬಣ್ಣ ಅಂದೆವು.
ಆಮೇಲೆ ಜಾಲಿಮುಳ್ಳು ಅಂದೆವು.
ಎಕ್ಕದ ಹಾಲು ಹಚ್ಚಿದೆವು, ಬಿಸಿ ಇಟ್ಟಿಗೆಯ ಶಾಖ ಕೊಟ್ಟೆವು.
ಅದರ ನಿಜವಾದ ಹೆಸರು ಸಿಗುವ ಹೊತ್ತಿಗೆ
ಅದು ತೊಡೆಸಂದಿಗೆ ಏರಿ ಕೂತಿತ್ತು.
ಬಣ್ಣದಿಂದ ಬಂದದ್ದಲ್ಲ, ಅಂದರು ಡಾಕ್ಟರು.
ಮತ್ತೆ ಯಾತರಿಂದ ಅಂದದ್ದಕ್ಕೆ
ಪೆನ್ನಿನ ಮುಚ್ಚಳ ಹಾಕಿದರು.

"ಕೈ ನಡುಗಿಸಬೇಡ" ಎನ್ನುತ್ತಾರೆ ನಸ್ರೀನ್ ಮೇಡಮ್.
ಸೀರಮ್ ಹಾಕು. ಕಾಯಿ. ತೊಳೆ, ತೊಳೆ, ಇನ್ನೊಮ್ಮೆ ತೊಳೆ.
ಅಂಟಬೇಕಾದ್ದು ಅಂಟಿದ್ದರೆ ಉಳಿಯುತ್ತದೆ,
ಸುಮ್ಮನೆ ಬಂದು ಕೂತದ್ದು ನೀರಿನೊಂದಿಗೆ ಹೋಗುತ್ತದೆ.
ಕೊನೆಗೆ ಬಣ್ಣದ ನೀರು, ಅದಕ್ಕಿನ್ನೂ ಬಣ್ಣವಿಲ್ಲ.
ಕತ್ತಲ ಡ್ರಾಯರಿನಲ್ಲಿ ಹದಿನೈದು ನಿಮಿಷ.

ತೆಗೆದರೆ ನೀಲಿ.
ಅದೇ ನೀಲಿ, ಅತ್ತೆಯ ಉಗುರಿನದು.
ಆಮ್ಲದ ಒಂದೊಂದೇ ಹನಿಗೆ
ನೀಲಿ ಸತ್ತು ಹಳದಿ ಹುಟ್ಟುತ್ತದೆ, ಮದುವೆಯಕ್ಕಿಯ ಹಳದಿ.

ಲಸಿಕೆ ಕೊಟ್ಟ ಸಾಲು ಹಳದಿಯಾಯಿತು. ಆಗಬೇಕಾದ್ದೇ.
ಕೆಳಗಿನ ಸಾಲಿನವಕ್ಕೆ ಬರೀ ಉಪ್ಪುನೀರು ಚುಚ್ಚಿದ್ದು,
ಗುಳಿಗಳೆಲ್ಲ ತಿಳಿ. ಒಂದನ್ನು ಬಿಟ್ಟು.
ಮೂವತ್ತೊಂದನೆಯ ಇಲಿ.
ನನ್ನ ಕೈತಪ್ಪೆಂದು ಮತ್ತೆ ಮಾಡಿದೆವು.
ಮೇಡಮ್ ತಾವೇ ಕೂತು ಮೂರನೆಯ ಸಲ ಮಾಡಿದರು.
ಹಳದಿ.
ಯಾರೂ ಹೇಳಿಕೊಡದೆ ತನ್ನ ಹಗೆಯ ಮುಖ
ತಾನೇ ನೋಡಿ ಬರೆದಿಟ್ಟುಕೊಂಡಿತ್ತು ಅದರ ರಕ್ತ.

ಆದರೆ ಅಳೆದರೆ ಅದರ ಗಂಟೂ ಬೆಳೆದಿದೆ,
ಉಳಿದವುಗಳ ಗಂಟಿನಷ್ಟೇ.
ಗುರುತು ಹಿಡಿದಿತ್ತು. ಅಷ್ಟೇ.

ಅತ್ತೆಯ ರಕ್ತಕ್ಕೂ ಗೊತ್ತಿತ್ತೋ ಏನೋ,
ನಾವು ಬಣ್ಣ, ಮುಳ್ಳು ಅನ್ನುತ್ತಿದ್ದಾಗಲೇ?
ಎಕ್ಕದ ಹಾಲು ಹಚ್ಚುವ ನನ್ನ ಬೆರಳ ಕೆಳಗೇ
ಒಳಗೊಳಗೆ ಕೂಗುತ್ತಿತ್ತೋ ಏನೋ?
ಕೇಳಲು ಅವಳದೊಂದು ಹನಿಯೂ ಉಳಿದಿಲ್ಲ.
ಉಳಿದಿದ್ದರೂ ಈ ಪ್ಲೇಟು ಹೇಳುತ್ತಿರಲಿಲ್ಲ.
ಇದಕ್ಕೆ ಬರುವುದು ಇಲಿಯ ಭಾಷೆಯೊಂದೇ;
ಮನುಷ್ಯರ ಸಾಕ್ಷಿಗೆ ಗುಳಿ ಬೆಳ್ಳಗೇ ಇರುತ್ತಿತ್ತು.

ಮೇಡಮ್ ಅಂಕಿ ಬರೆದುಕೊಂಡು ಮನೆಗೆ ಹೋದರು.
ಸಂಜೆ ಪಂಜರಗಳ ಹೊಟ್ಟು ಬದಲಿಸಿದೆ.
ಮೂವತ್ತೊಂದು ನನ್ನ ಗ್ಲೌಸಿನ ಮೇಲೆ ಹತ್ತಿ
ಬೆರಳಿಂದ ಬೆರಳಿಗೆ ಮೂಸುತ್ತ ಹೋಯಿತು,
ಮೀಸೆ ನಡುಗಿಸುತ್ತ, ನಿಧಾನಕ್ಕೆ.
ಇದಕ್ಕೆ ಗೊತ್ತು
ನಾನು ಯಾರೆಂದು.