ಳ ಇಲ್ಲದ ಎಂಟು ತಿಂಗಳು

ಸುಗಂಧಾ ಹಂಚಿನಾಳ ಬಂದು ಕೂತದ್ದು ಹನ್ನೊಂದಕ್ಕೆ.
ಆಗಲೇ ಫ್ಯಾನು ಬಿಸಿಗಾಳಿ ತಿರುವುತ್ತಿತ್ತು.
ನೂರು ವರ್ಷದ ಮಳೆಯ ಚರಿತ್ರೆ ಬರೆಯುತ್ತಾಳಂತೆ,
ಸರಕಾರಿ ಮಾಪಕದ್ದಲ್ಲ, ಜನ ಕಂಡ ಮಳೆಯದು:
ಯಾವ ಹಳ್ಳ ಯಾವ ದಿನ ಚಕ್ಕಡಿ ತಡೆಯಿತು,
ಯಾವ ಅಗಸಿಯ ಪಕ್ಕ ಗೋಡೆ ಕುಸಿಯಿತು.

‘ಡೋಣಿ ಸಮಾಚಾರ’ದ ನಲವತ್ತೊಂದು ಸಂಪುಟ
ನಾನೇ ಒಂದೊಂದು ಹಾಳೆ ಮಲಗಿಸಿ ಸ್ಕ್ಯಾನ್ ಮಾಡಿದ್ದು.
ಹುಳ ತಿಂದದ್ದು, ಚಹಾ ಚೆಲ್ಲಿದ್ದು,
ಯಾರೋ ಕುಸ್ತಿಯ ಸುದ್ದಿ ಕತ್ತರಿಸಿಕೊಂಡು ಹೋದ ಚೌಕ ತೂತು,
ಎಲ್ಲ ಈಗ ಒಂದು ಖಾಲಿ ಗೆರೆಯ ಹಿಂದೆ.
ಹುಡುಕು ಅಂತ ಬರೆದಿದೆ, ಪಕ್ಕದಲ್ಲಿ ಪುಟ್ಟ ಭೂತಗನ್ನಡಿ.

ಊರಿನ ಹೆಸರೇ ಮೊದಲು ಸಿಗಲಿಲ್ಲ ಅವಳಿಗೆ.
“ವಿಜಯಪುರ ಅನಬ್ಯಾಡ್ರಿ, ವಿಜಾಪುರ ಅನ್ರಿ,
ಬಿಜಾಪೂರ ಅಂತನೂ ಒಮ್ಮೆ ಕೇಳ್ರಿ” ಅಂದೆ.
ಪಿಸುಗುಟ್ಟಿದ್ದನ್ನೂ ಏಳು ಸಲ ಒಪ್ಪಿಸುವ ಗುಮ್ಮಟದ ಊರಲ್ಲಿ
ಈ ಪೆಟ್ಟಿಗೆಯದು ಬೇರೆ ಸ್ವಭಾವ:
ಒಂದು ಕೊಂಬು ತಪ್ಪಿದರೂ ತುಟಿ ಬಿಚ್ಚುವುದಿಲ್ಲ.

ಸಾವಿರದ ಒಂಬೈನೂರ ಐವತ್ತೊಂದು. ಮಳೆ.
ಏಪ್ರಿಲ್‌ನಿಂದ ನವೆಂಬರ್‌ವರೆಗೆ ಸೊನ್ನೆ.
ಮೋಡ ಇದೆ. ಕೆಸರಿದೆ. ಕೊಡೆ ರಿಪೇರಿಯ ಜಾಹೀರಾತಿದೆ.
ಮಳೆ ಇಲ್ಲ.
“ಭಾರೀ ಬರ ಬಿದ್ದಿರಬೇಕಲ್ರಿ” ಅಂದಳು.
ಪೆನ್ನು ಆಗಲೇ ಕೆಂಪು ಗೆರೆ ಎಳೆಯುತ್ತಿತ್ತು.

ತಡೀರಿ ಅಂದೆ. ಪುಟ ತೆರೆದು ದೊಡ್ಡದು ಮಾಡಿದೆ.
ಜುಲೈ ಎರಡನೆಯ ವಾರ, ಮೂರನೆಯ ಅಂಕಣ:
ಮುದ್ದೇಬಿಹಾಲದಲ್ಲಿ ರಾತ್ರಿಯಿಡೀ ಮಲೆ.
ತಾಲಿಕೋಟಿ ಹಾದಿಯಲ್ಲಿ ಹಲ್ಲ ತುಂಬಿ ಟಪಾಲು ನಿಂತಿದೆ.
ಬಿಲಿಜೋಲದ ಧಾರಣೆ ಇಲಿದಿದೆ.
ಬಹುವಚನಗಲೆಲ್ಲ ತೊದಲುತ್ತ ನಿಂತಿವೆ.

ಬರ ಬಿದ್ದದ್ದು ಅಚ್ಚಿನ ಖಾನೆಗೆ.
ಳ, ಳಿ, ಳು, ಳೆ, ಇಡೀ ಮನೆತನವೇ ಸವೆದುಹೋಗಿತ್ತು.
ಏಪ್ರಿಲ್ ಕೊನೆಯ ಸಂಚಿಕೆಯಲ್ಲಿ ಸಂಪಾದಕರ ವಿನಂತಿ.
ಅಚ್ಚುಮೊಳೆ ಅನ್ನಲು ಹೋಗಿ, ಆಗುವ ಅನಾಹುತ ನೆನೆದು,
‘ಟೈಪು ಪುಣೆಯಿಂದ ಬರತಕ್ಕದ್ದು, ಓದುಗರು ಕ್ಷಮಿಸತಕ್ಕದ್ದು.’
ಸುಗಂಧಾ ನಕ್ಕಳು. ಆಮೇಲೆ ತನ್ನ ಅಡ್ಡಹೆಸರು ಹೇಳಿಕೊಂಡಳು,
ಹಂಚಿನಾಲ, ಹಂಚಿನಾಲ,
ಬೇರೆ ಯಾರನ್ನೋ ಕರೆದಂತೆ.

ಮಲೆ ಅಂತ ಹುಡುಕಿದೆವು. ಮೂವತ್ತೆಂಟು ಬಂತು.
ಅದರಲ್ಲೆರಡು ಗುಡ್ಡ, ಮಿಕ್ಕದ್ದೆಲ್ಲ ನೀರು.
ಅವಳು ಬರೆದುಕೊಳ್ಳುತ್ತಿದ್ದಾಗ, ಸುಮ್ಮನೆ,
ಮಗಳು ಅಂತ ಒತ್ತಿದೆ.
ಸೊನ್ನೆ ಬರಬೇಕಿತ್ತು.

ಒಂದು ಬಂತು.

ಜೂನ್, ಕೊನೆಯ ಪುಟ, ಗಿರಣಿ ಜಾಹೀರಾತಿನ ಕೆಳಗೆ
ಸಂದಿಯಲ್ಲಿ ತುರುಕಿದ ಎರಡು ಸಾಲು:
ನಮ್ಮ ಕಂಪೋಜಿಟರ ಮೌಲಾಸಾಬ ಇಂಡೀಕರ ಇವರ ಮಗಳು
ಜೈತೂನ ಮುಲ್ಕಿ ಪರೀಕ್ಷೆಯಲ್ಲಿ ಪಾಸಾಗಿರುವಳು.

ಎಂಟು ತಿಂಗಳಲ್ಲಿ ಎರಡೇ ಳು,
ಸವೆದ ಅಕ್ಷರಗಳ ನಡುವೆ ಕರ್ರಗೆ.
ಎಲ್ಲಿ ಬಚ್ಚಿಟ್ಟಿದ್ದನೋ, ಅಂಗಿಯ ಒಳಜೇಬಲ್ಲೋ,
ಅಡಿಕೆ ಚೀಲದ ಸುಣ್ಣದ ಖಾನೆಯಲ್ಲೋ.
ಜಿಲ್ಲೆಗೆಲ್ಲ ಮಲೆ ಸುರಿಸಿದವನು
ಮಗಳನ್ನು ಮಾತ್ರ ಮಗಲು ಅನ್ನಲಿಲ್ಲ.

“ಇದನ್ನೆಲ್ಲ ಒಮ್ಮೆಲೇ ತಿದ್ದಬಹುದಲ್ರಿ?
ನನ್ನ ಹಿಂದ ಬರೋರಿಗೆ ಸೊನ್ನೆ ಸಿಗಬಾರದು.”
ನ್ಯಾಯವೇ. ಅದಕ್ಕೊಂದು ಗುಂಡಿಯಿದೆ: ಎಲ್ಲ ಬದಲಿಸು.
ಒತ್ತಿದರೆ ಹಳ್ಳ ತುಂಬುತ್ತದೆ, ಜೋಳ ಬಿಕರಿಯಾಗುತ್ತದೆ,
ಲಗ್ನದ ಅಂಕಣದ ಅಷ್ಟೂ ಮಗಲಂದಿರು ಮಗಳಂದಿರಾಗುತ್ತಾರೆ.
ಜೈತೂನ ಆ ಸಾಲಲ್ಲಿ
ಅರವತ್ತನೆಯವಳೋ ಎಪ್ಪತ್ತನೆಯವಳೋ.

ಮುಂದಿನ ಮೂವತ್ತು ವರ್ಷ ಅವಳನ್ನು ಹುಡುಕಿದೆ,
ಜೈತೂನ, ಜೈತೂನಬಿ, ಝೈತುನ್,
ಕನ್ನಡ ಶಾಲೆಯ ಮಾಸ್ತರಿಣಿಯರ ಯಾದಿಯಲ್ಲಿ,
ಹಜ್‌ಗೆ ಹೊರಟವರ ಯಾದಿಯಲ್ಲಿ.
ಸೊನ್ನೆ. ಸೊನ್ನೆಯನ್ನು ಈಗ ನಂಬುವುದು ಬಿಟ್ಟಿದ್ದೇನೆ.

ಸುಗಂಧಾ ಐದರ ಇಂಡಿ ಬಸ್ಸಿಗೆ ಹೋದಳು.
ಗುಂಡಿ ಇನ್ನೂ ಒತ್ತಿಲ್ಲ.
ನಾಳೆ ಒತ್ತುತ್ತೇನೆ, ಒತ್ತಲೇಬೇಕು.
ಇವತ್ತೊಂದು ರಾತ್ರಿ
ಇಡೀ ವಿಜಾಪುರ ಜಿಲ್ಲೆಗೆ
ಒಬ್ಬಳೇ ಮಗಳು.