ಎಡ ಒತ್ತಿದರೆ ಬಲ

ಕೌಲ್ ಬಜಾರಿನ ನನ್ನ ಐದಡಿ ಅಂಗಡಿಗೆ
ಮಾಬುನ್ನಿ ತಂದದ್ದು ಏಳು ವರ್ಷದ ಟ್ಯಾಬು.
ಅಂಚಿಗೆಲ್ಲ ಜೀನ್ಸಿನ ನೀಲಿ ಧೂಳು,
ಚಾರ್ಜರ್ ತೂತಿನಲ್ಲಿ ಒಂದೆಳೆ ಕಿತ್ತಳೆ ದಾರ.
"ಕಸೂತಿ ಮಿಷನ್ನಿನ ಹೊಸ ಆ್ಯಪು ಇದರಾಗ ಕೂಡವಲ್ದು,
ವರ್ಷನ್ ಹಳೇದಂತ. ಹೊಸದು ಹಾಕಿಕೊಡ್ರಿ.
ಗಾಜು ಒಡೆದಿಲ್ಲ, ಬ್ಯಾಟರಿ ಉಬ್ಬಿಲ್ಲ,
ಆರು ಮಿಷನ್ನು ಇದರ ಮಾರಿ ನೋಡಿಕೋತ ನಿಂತಾವ."

ಹಾಕಿದೆ.
ರಾತ್ರಿ ಹನ್ನೊಂದೂವರೆ, ಇನ್ವರ್ಟರಿನ ಗುಂಯ್‌ಗುಡುವಿಕೆಯಲ್ಲಿ
ಹೊಸ ಲೋಗೋ ಮೂಡಿತು, ಸುತ್ತಿತು, ಸುತ್ತಿತು,
ಪರದೆ ತೆರೆಯಿತು.
ನಾನೊಬ್ಬನೇ ಚಪ್ಪಾಳೆ ತಟ್ಟಿಕೊಂಡೆ.

ಬೆರಳಿಟ್ಟರೆ
ಗಾಜು ಗಾಜಾಗಿಯೇ ಉಳಿಯಿತು.
ವೈಫೈ ಇಲ್ಲ. ಇಲ್ಲ ಅಂದರೆ ಸುಟ್ಟಿಲ್ಲ,
ಬೋರ್ಡಿನ ಮೇಲೆ ಕಡಲೆಬೇಳೆಯಷ್ಟು ಚಿಪ್ಪು
ಬೆಚ್ಚಗೇ ಇದೆ.
ಹೊಸ ಸಿಸ್ಟಮ್ಮು ಕೇಳಿದ್ದು ಅದಕ್ಕೆ ತಿಳಿಯದು,
ಅದು ಹೇಳಿದ್ದು ಇದಕ್ಕೆ ತಿಳಿಯದು.
ನಡುವೆ ಡ್ರೈವರ್ ಅಂತ ಒಂದು ಬೇಕು.
ಚಿಪ್ಪು ಮಾಡಿದವರು ಅದನ್ನು ಒಮ್ಮೆ ಬರೆದು
ಬೀಗ ಹಾಕಿ
ಮುಂದಿನ ಚಿಪ್ಪಿಗೆ ಹೋಗಿಬಿಟ್ಟಿದ್ದರು.

ನನಗಾಗ ಒಂಬತ್ತು. ದೊಡ್ಡಾಸ್ಪತ್ರೆಯಲ್ಲಿ
ಅಮ್ಮನಿಗೆ ತೆಲುಗೊಂದೇ, ಡಾಕ್ಟರಿಗೆ ಕನ್ನಡವೊಂದೇ.
ಇಬ್ಬರಿಗೂ ಕಿವಿ ಚೆನ್ನಾಗಿತ್ತು, ಇಬ್ಬರಿಗೂ ಅವಸರವಿತ್ತು,
ನಡುವೆ ಸ್ಟೂಲಿನ ಮೇಲೆ ನಾನು.
ಅಮ್ಮ "ಮಂಟ" ಅಂದಳು.
ಉರಿ ಅನ್ನುವ ಮಾತು ಆ ಗಳಿಗೆಗೆ ಸಿಗದೆ
ನೋವು ಅಂದುಬಿಟ್ಟೆ.
ನೋವಿನ ಗುಳಿಗೆ ಕೊಟ್ಟರು, ಹೊಟ್ಟೆ ಇನ್ನಷ್ಟು ಉರಿಯಿತು.
ಹದಿನೈದು ದಿನ ಮಜ್ಜಿಗೆಯ ಮೇಲೆ ಬದುಕಿದಳು,
ನನ್ನನ್ನು ಬೈಯಲಿಲ್ಲ.
ಬೈದಿದ್ದರೆ ಮರೆಯುತ್ತಿದ್ದೆನೋ ಏನೋ.

ಅಷ್ಟಾದರೂ ಅದನ್ನೇ ಮತ್ತೆ ಮಾಡಿದೆ.
ಇದರ ದಾಯಾದಿ ಮಾಡೆಲ್ಲಿನ ಡ್ರೈವರು
ಎರವಲು ತಂದು ಕೂರಿಸಿದೆ.
ವೈಫೈ ಏಳಲಿಲ್ಲ, ಟಚ್ಚು ಎದ್ದಿತು,
ಎಡ ಒತ್ತಿದರೆ ಬಲ, ಬಲ ಒತ್ತಿದರೆ ಎಡ.
"ಬೇಡ" ಒತ್ತಿದೆ.
"ಸರಿ" ಅಂದುಕೊಂಡಿತು.

ಬೆಳಿಗ್ಗೆ ಮಾಬುನ್ನಿ ತಾನೂ ಒತ್ತಿ ನೋಡಿದಳು,
ನಕ್ಕಳು, ಆಮೇಲೆ ನಗು ನಿಲ್ಲಿಸಿ ಕೇಳಿದಳು,
"ಮಿಷನ್ನಿನ ಹಲ್ಲು ಸವೆದರ ಲೇತಿನಾಗ ಕಡಿಸಿ ತರ್ತೀನಿ.
ಇದಕ್ಕ ಲೇತ್ ಇಲ್ಲೇನ್ರಿ?"

ಇಲ್ಲ ಅಂದೆ.
ಅಳಿಸುವ ಮುಂಚೆ ಹಳೆಯದರ ನಕಲು ಇಟ್ಟಿದ್ದೆ,
ಆ ಎರಡು ದಿನದಲ್ಲಿ ನನ್ನ ಜಾಣತನ ಅದೊಂದೇ.
ತಿರುಗಿ ತುಂಬಿದೆ. ಗಾಜು ಬೆರಳನ್ನು ಗುರುತಿಸಿತು,
ವೈಫೈ ಪಕ್ಕದ ಚಹಾ ಅಂಗಡಿಯ ಹೆಸರು ಹೇಳಿತು.
"ಡಿಸೈನು ಇದರಾಗ ತಗೀತೀವಿ, ಪೆನ್‌ಡ್ರೈವಿನಾಗ ಒಯ್ದು ಚುಚ್ಚತೀವಿ.
ಆರು ಮಿಷನ್ನು. ಎಷ್ಟು ಹೆಜ್ಜಿ ಆದೀತು?"

ಕೂಲಿ ನೂರು ಅಂದರೆ ಎಂಬತ್ತು ಕೊಟ್ಟಳು.
"ಬೆನ್ನಿಗೊಂದು ಚೀಟಿ ಅಂಟಿಸ್ರಿ,
ಅಪ್‌ಡೇಟ್ ಕೇಳಿದರ ಯಾರೂ ಒತ್ತಬಾರದು."
ದುರುಗಮ್ಮನಿಗಾಗಿ ಕನ್ನಡದಲ್ಲಿ ಬರೆದೆ.
ಕೆಳಗೆ, ರಾತ್ರಿ ಪಾಳಿಯ ಓಬುಲೇಸುಗೆ, ತೆಲುಗಿನಲ್ಲಿ.
"ನಮ್ಮ ಅಬ್ಬಾಗ?" ಅಂದಳು.
ಉರ್ದು ಆಡಲು ಬರುತ್ತದೆ ನನಗೆ, ಬರೆಯಲು ಬಾರದು.
ಪೆನ್ನು ಕಸಿದುಕೊಂಡು
ನಾಲಿಗೆ ತುದಿ ಕಚ್ಚಿ ತಾನೇ ಬರೆದಳು,
ಬಲದಿಂದ ಎಡಕ್ಕೆ,
ಒಂದಕ್ಷರವೂ ದಿಕ್ಕು ತಪ್ಪದ ಹಾಗೆ.