ಕರೆಂಟ್ ಹೋದಾಗಿನ ವ್ಯಾಕರಣ

ಬನಹಟ್ಟಿಯೊಳಗ ಮಗ್ಗ ನಿಂತ್ರನ ಮಾತು ಕೇಳಸೂದು.
ಹಂಗಾಗಿ ನಮ್ಮ ಇಂಗ್ಲಿಷಿಗೆ ಟೈಮ್‌ಟೇಬಲ್ ಇಲ್ಲ,
ಲೈನ್ ಹೋತಂದ್ರ ಕ್ಲಾಸು.

ಕಂಡಿಕಿ ಸುತ್ತೂ ಕಟ್ಟಿ ಮ್ಯಾಲ ಆರು ಮಂದಿ,
ಹತ್ತನೇತ್ತಾ ಹೊರಗಿಂದ ಕಟ್ಟಿದವರು.
ನಡುವ ಶಂಶಾದ ಬಾಗವಾನ, ಇಪ್ಪತ್ತೆರಡರ ಹುಡುಗಿ,
ನಮಗ ಟೀಚರ್.
"ವಾಕ್ಯ ನಾಕು ಥರ" ಅಂತಾಳ,
ನೂಲಿನ ಪೆಟ್ಟಿಗಿ ರಟ್ಟಿನ ಮ್ಯಾಲ ಸೀಮೆಸುಣ್ಣ.

ಹೇಳೂದು ಮೊದಲು. ಮೈ ನೇಮ್ ಈಸ್ ಗಿರೆವ್ವ.
ಈ "ಈಸ್" ಯಾಕವಾ? ನಮಗ ಬೇಕಾಗೂದಿಲ್ಲ,
ನನ್ನ ಹೆಸರು ಗಿರೆವ್ವ, ಮುಗೀತು.
"ಅವರದು ಎಳಿ ಹರದೈತಿ, ನಡುವ ಗಂಟು ಬೇಕು"
ಅಂದ್ಲು ತಂಗೆವ್ವ.
ಬರಕೊಂಡ್ವಿ: ಈಸ್ ಅಂದ್ರ ಗಂಟು.

ಕೇಳೂದಂದ್ರ ಆ ಗಂಟ ಎದ್ದು ಮುಂದ ಬರತೈತಿ.
ನಾವು ಬಾಲಕ್ಕೊಂದು "ಏನ" ಹಚ್ಚಾವ್ರು:
ಬಂದಿಯೇನ, ಉಂಡಿಯೇನ, ಪಗಾರ ಆತೇನ.
ಮನಷ್ಯಾನಕಿಂತ ಮೊದಲು ಪ್ರಶ್ನಿ ಬಂದು
ಬಾಗಲದಾಗ ನಿಲ್ಲೂ ಮನಿ
ನಮ್ಮತ್ತೀದು ಒಂದ.

ಉದ್ಗಾರ ಸಲೀಸು. ಲಾಳಿ ಬಡದು ಬೆರಳು ಒಡದಾಗ
ಚಂಪಾಬಾಯಿ ಅಂದದ್ದನ್ನ ಟೀಚರ್ ಬರೀಲಿಲ್ಲ,
ಕಡೀ ಕೋಲು, ಕೆಳಗಿನ ಚುಕ್ಕಿ, ಅಷ್ಟ ಇಟ್ಲು.

ಆಮ್ಯಾಲ ಅಪ್ಪಣಿ. ಕಮ್. ಗೋ. ಬ್ರಿಂಗ್ ವಾಟರ್.
"ಇದರಾಗ ಕರ್ತೃ ಎಲ್ಲಿ?"
ಹುಡುಕಿದ್ವಿ.
ತಂಗೆವ್ವ ರಟ್ಟಿನ ಹಿಂದ ಸೈತ ನೋಡಿದ್ಲು.
"ಯು ಐತಿ. ಅಡಗೇತಿ.
ಹೆಸರು ಹೇಳಾಂಗಿಲ್ಲ, ಕೆಲಸ ಮಾತ್ರ ಅದರದ."

ಯಾರೂ ನಗಲಿಲ್ಲ.
ಇಪ್ಪತ್ತು ವರ್ಷದಾಗ ಕಿವಿಗೆ ಬಿದ್ದದ್ದನ್ನೆಲ್ಲಾ
ಒಂದೊಂದ ತಿರುವಿ ಹಾಕಿದೆ.
ಕಂಡಿಕಿ ತಾ. ಚಾ ಇಡು. ಎಳಿ ಹಿಡಿ. ಸುಮ್ಕಿರು.
ಎಲ್ಲಾದರ ಮುಂದೂ ನಾ ಇದ್ದೆ,
ಅಕ್ಷರ ಇಲ್ಲದ.

ಸೀಮೆಸುಣ್ಣ ಇಸಗೊಂಡೆ.
ಬ್ರಿಂಗ್ ವಾಟರಿನ ಎಡಕ್ಕ ಜಾಗಾ ಇರಲಿಲ್ಲ,
ರಟ್ಟಿನ ಅಂಚಿಗೆ, ಪಿನ್ನು ಹೊಡದ ತೂತಿನ ಮಗ್ಗಲಕ
ಇಕ್ಕಟ್ಟಿನ್ಯಾಗ ಬರದೆ: ಯು.

"ಪರೀಕ್ಷಾದಾಗ ಹಿಂಗ ಬರದ್ರ..."
ಅನ್ನೂದ್ರಾಗ ಕರೆಂಟ್ ಬಂತು.
ಓಣಿ ಮಗ್ಗ ಎಲ್ಲಾ ಒಮ್ಮಿಗೆ ಬಡಕೊಂಡ್ವು.
ಟೀಚರ್ ತುಟಿ ಅಲುಗಾಡಿದ್ದು ಕಂಡಿತು.
ಹೇಳಿದ್ಲೋ,
ಕೇಳಿದ್ಲೋ.